ಅಮ್ಮನ ರಟ್ಟೆ 41 ಸೆಂಟಿಮೀಟರ್: ಎರಡು ಬಿ.ಪಿ. ಮಷಿನ್, ಒಂಬತ್ತು ಸಾವಿರ ರೇಟಿಂಗ್

ಅಮ್ಮನಿಗೆ ಮನೆಯಲ್ಲೇ ಬಿ.ಪಿ. ನೋಡಲು ಮಷಿನ್ ತರಿಸಿ ಎಂಟು ತಿಂಗಳಾಯಿತು. ತರಿಸಿದ್ದು ಎರಡು. ಮೊದಲನೆಯದಕ್ಕೆ 4.6 ಸ್ಟಾರ್ ಇತ್ತು, ರೇಟಿಂಗ್ ಕೊಟ್ಟವರು ಒಂಬತ್ತು ಸಾವಿರಕ್ಕೂ ಹೆಚ್ಚು. ಎರಡನೆಯದಕ್ಕೆ 4.2, ರೇಟಿಂಗ್ ಆರುನೂರು ಚಿಲ್ಲರೆ. ಇವತ್ತು ಬೆಳಿಗ್ಗೆ ಅಮ್ಮನ ತೋಳಿಗೆ ಕಟ್ಟಿದ್ದು ಎರಡನೆಯದನ್ನು. ಮೊದಲನೆಯದು ನನ್ನ ಕೋಣೆಯಲ್ಲಿದೆ. ನನ್ನ ರಟ್ಟೆಯ ಸುತ್ತಳತೆ 28 ಸೆಂಟಿಮೀಟರ್, ನನಗೆ ಅದು ಸರಿಯಾಗಿಯೇ ಅಳೆಯುತ್ತದೆ. ಅಮ್ಮನಿಗೆ ಅಳೆಯುವುದಿಲ್ಲ. ಯಾಕೆ ಅಳೆಯುವುದಿಲ್ಲ ಎಂಬುದನ್ನು ಆ ಪುಟದಲ್ಲಿ ಒಬ್ಬರೇ ಒಬ್ಬರು ಬರೆದಿದ್ದರು. ಅದನ್ನು ನಾನು ಓದಿದ್ದು ಕೊಂಡ ಹದಿನೇಳನೆಯ ದಿನ. ಹಾಗಾಗಿ ಇಲ್ಲಿ ಮಷಿನ್‌ಗಳ ಬಗ್ಗೆ ಬರೆಯುವಷ್ಟೇ ಅವುಗಳ ಬಗ್ಗೆ ಬರೆದವರ ಬಗ್ಗೆಯೂ ಬರೆಯಬೇಕಾಗಿದೆ.

ಮೊದಲು ಮಷಿನ್ ವಿಷಯ ಮುಗಿಸುತ್ತೇನೆ. ಮೊದಲನೆಯದು ಅಂಗೈಗಿಂತ ಸ್ವಲ್ಪ ದೊಡ್ಡದು, ಬಿಳಿ ಬಣ್ಣ, ಅಂಕಿಗಳು ದಪ್ಪಗಿವೆ, ಕನ್ನಡಕ ಇಲ್ಲದೆಯೂ ಓದಬಹುದು. ಇಬ್ಬರ ಲೆಕ್ಕವನ್ನು ಬೇರೆ ಬೇರೆ ನೆನಪಿಟ್ಟುಕೊಳ್ಳುತ್ತದೆ. ತೋಳಿಗೆ ಸುತ್ತುವ ಪಟ್ಟಿ ಉಬ್ಬುವಾಗ ಸದ್ದು ಕಡಿಮೆ. ಪೆಟ್ಟಿಗೆಯ ಮೇಲೆ ‘ನಿಖರತೆ ±3’ ಎಂದು ದೊಡ್ಡದಾಗಿ ಅಚ್ಚಾಗಿತ್ತು. ಆ 3 ಅಂದರೆ ಮಷಿನ್ ತೋರಿಸುವ ಬಿ.ಪಿ. ಮೂರರೊಳಗೆ ಮಾತ್ರ ತಪ್ಪಬಹುದು ಎಂದುಕೊಂಡಿದ್ದೆ. ಅದರ ಅರ್ಥ ಬೇರೆ. ಒಳಗಿನ ಸೆನ್ಸರ್ ಪಟ್ಟಿಯೊಳಗಿನ ಗಾಳಿಯ ಒತ್ತಡವನ್ನು ಎಷ್ಟು ಸರಿಯಾಗಿ ಅಳೆಯುತ್ತದೆ ಎಂಬುದರ ಲೆಕ್ಕ ಅದು. ಮನುಷ್ಯರ ತೋಳಿನ ಮೇಲೆ ಮಷಿನ್ ಎಷ್ಟು ಸರಿ ಎಂಬುದಕ್ಕೆ ಬೇರೆಯೇ ಪರೀಕ್ಷೆ ಇದೆ: ಐಎಸ್‌ಒ 81060-2 ಎಂಬ ಅಂತರರಾಷ್ಟ್ರೀಯ ಮಾನದಂಡ. ಅದರ ಪ್ರಕಾರ ಕನಿಷ್ಠ 85 ಜನರ ಮೇಲೆ ಅಳೆದು ಪರಿಣತರು ಅಳೆದದ್ದರ ಜೊತೆ ಹೋಲಿಸಬೇಕು. ಸರಾಸರಿ ವ್ಯತ್ಯಾಸ 5ರೊಳಗೆ ಇರಬೇಕು. ನಾನು ಓದಿದ ನೂರಾರು ರಿವ್ಯೂಗಳಲ್ಲಿ ‘±3 ನಿಖರತೆ ಸೂಪರ್’ ಎಂದು ಬರೆದವರು ಬಹಳ ಜನ. ಅವರೆಲ್ಲ ಪೆಟ್ಟಿಗೆಯನ್ನು ಓದಿ ಬರೆದವರು, ಅಳೆದು ನೋಡಿ ಬರೆದವರಲ್ಲ. ಅವರು ಸುಳ್ಳುಗಾರರು ಎಂದು ನಾನು ಹೇಳುತ್ತಿಲ್ಲ. ಆದರೆ ಅವರಿಂದ ನನಗೆ ಹೊಸದೇನೂ ತಿಳಿಯಲಿಲ್ಲ.

ಮೊದಲ ದಿನ ಅಮ್ಮನಿಗೆ ಕಟ್ಟಿದಾಗ 171/94. ಐದು ನಿಮಿಷ ಬಿಟ್ಟು 168/92. ಮತ್ತೆ 173/95. ಅಮ್ಮ ಹೆದರಿದರು. ‘ನಂಗೇನೋ ಆಗೋಗತ್ತೆ ಕಣೇ’ ಅಂತ ಆ ರಾತ್ರಿ ನಿದ್ದೆ ಮಾಡಲಿಲ್ಲ. ಎರಡು ವಾರ ಬೆಳಿಗ್ಗೆ ಸಂಜೆ ನೋಡಿ ನೋಟ್‌ಬುಕ್‌ನಲ್ಲಿ ಬರೆದಿಟ್ಟೆ. ಬೆನ್ನಿಗೆ ಆಸರೆ, ಪಾದ ನೆಲದ ಮೇಲೆ, ತೋಳು ಎದೆಯ ಮಟ್ಟಕ್ಕೆ, ಅಳೆಯುವಾಗ ಮಾತಿಲ್ಲ, ಎಲ್ಲವನ್ನೂ ಹೇಳಿದಂತೆಯೇ ಮಾಡಿದೆವು. ಅಂಕಿ 165ರ ಕೆಳಗೆ ಇಳಿಯಲೇ ಇಲ್ಲ. ಡಾಕ್ಟರು ನೋಟ್‌ಬುಕ್ ನೋಡಿ ಇನ್ನೊಂದು ಮಾತ್ರೆ ಸೇರಿಸೋಣ ಎಂದು ಪೆನ್ನು ಎತ್ತಿದರು. ಏನನ್ನಿಸಿತೋ, ‘ಒಂದ್ನಿಮಿಷ’ ಎಂದು ತಮ್ಮ ದೊಡ್ಡ ಪಟ್ಟಿ ಕಟ್ಟಿ ನೋಡಿದರು. 148/84. ಆಮೇಲೆ ಅಲ್ಲಿದ್ದ ಸಿಸ್ಟರ್ ಟೇಪು ತಂದು ಅಮ್ಮನ ರಟ್ಟೆ ಅಳೆದರು. 41 ಸೆಂಟಿಮೀಟರ್. ನನ್ನ ಮಷಿನ್‌ನ ಪಟ್ಟಿಯನ್ನು ತಿರುಗಿಸಿ ಒಳಮೈ ತೋರಿಸಿದರು. ಅಲ್ಲಿ ಸಣ್ಣ ಅಕ್ಷರದಲ್ಲಿ 22–32 ಎಂದಿತ್ತು. ಎರಡು ವಾರದಿಂದ ದಿನಕ್ಕೆರಡು ಸಲ ಆ ಪಟ್ಟಿಯನ್ನು ಕೈಯಲ್ಲಿ ಹಿಡಿದಿದ್ದೇನೆ, ಅದು ನನ್ನ ಕಣ್ಣಿಗೆ ಬಿದ್ದಿರಲಿಲ್ಲ.

ತೋಳಿಗೆ ಚಿಕ್ಕದಾದ ಪಟ್ಟಿ ಕಟ್ಟಿದರೆ ಬಿ.ಪಿ. ಇರುವುದಕ್ಕಿಂತ ಹೆಚ್ಚು ತೋರಿಸುತ್ತದೆ. 2023ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ 195 ಜನರಿಗೆ ಬೇರೆ ಬೇರೆ ಅಳತೆಯ ಪಟ್ಟಿ ಕಟ್ಟಿ ನೋಡಿದ್ದರು. ಅತಿ ದೊಡ್ಡ ಪಟ್ಟಿ ಬೇಕಾದವರಿಗೆ ಮಾಮೂಲಿ ಪಟ್ಟಿ ಕಟ್ಟಿದಾಗ ಮೇಲಿನ ಅಂಕಿ ಸರಾಸರಿ 19.5ರಷ್ಟು ಜಾಸ್ತಿ ಬಂತು. ಅಮ್ಮನ ನೋಟ್‌ಬುಕ್ಕಿಗೂ ಡಾಕ್ಟರ ರೀಡಿಂಗಿಗೂ ಇದ್ದ ಅಂತರ ಹೆಚ್ಚೂಕಡಿಮೆ ಅಷ್ಟೇ. ಬೇಡದ ಮಾತ್ರೆಯೊಂದು ಅಮ್ಮನ ಹೊಟ್ಟೆ ಸೇರುವುದು ಸ್ವಲ್ಪದರಲ್ಲಿ ತಪ್ಪಿತು.

ಅವತ್ತು ರಾತ್ರಿ ಮತ್ತೆ ಆ ಪುಟ ತೆರೆದು ಕೂತೆ. ನಾನು ಪ್ರೂಫ್ ರೀಡರ್. ಇಪ್ಪತ್ತಾರು ವರ್ಷದಿಂದ ಬೇರೆಯವರು ಬರೆದದ್ದನ್ನು ಅಕ್ಷರ ಅಕ್ಷರವಾಗಿ ಓದುವುದೇ ನನ್ನ ಕಸುಬು. ಕೊಳ್ಳುವ ಮುಂಚೆ ಮಾತ್ರ ಎಲ್ಲರ ಹಾಗೆ ಸ್ಟಾರ್ ನೋಡಿ, ಮೇಲಿನ ಆರೇಳು ರಿವ್ಯೂ ಓದಿ ತರಿಸಿಬಿಟ್ಟಿದ್ದೆ. ಈಗ ಕರಡು ಓದುವ ಹಾಗೆ ಓದತೊಡಗಿದೆ. ಕಡಿಮೆ ಸ್ಟಾರ್‌ನವು ಮೊದಲು ಬರುವಂತೆ ಮಾಡಿಕೊಂಡು ಕೆಳಗಿನಿಂದ ಮೇಲಕ್ಕೆ ಬಂದೆ. ಒಂದು ಸ್ಟಾರ್‌ನಲ್ಲಿ ಡಬ್ಬ ಒಡೆದು ಬಂತು, ಬ್ಯಾಟರಿ ಕೊಟ್ಟಿಲ್ಲ, ತಡವಾಯಿತು ಎಂಬ ದೂರುಗಳು. ಎರಡು ಸ್ಟಾರ್‌ಗೆ ಬಂದಾಗ ಸಿಕ್ಕಿತು:

‘ನನ್ನ ರಟ್ಟೆ 38 ಸೆಂ.ಮೀ. ಆಸ್ಪತ್ರೆಯಲ್ಲಿ 132 ಇದ್ದದ್ದು ಇದರಲ್ಲಿ 150. ಮೂರು ದಿನ ನೋಡಿದೆ, ಹಾಗೇ. ತಮ್ಮನ ರಟ್ಟೆ 29, ಅವನಿಗೆ ಆಸ್ಪತ್ರೆಯಲ್ಲೂ 118, ಇದರಲ್ಲೂ 120. ದೊಡ್ಡ ಪಟ್ಟಿ ಬೇರೆ ಸಿಗಲ್ಲ ಅಂದರು. ದಪ್ಪ ತೋಳಿನವರು ತಗೋಬೇಡಿ, ಉಳಿದವರಿಗೆ ತೊಂದರೆ ಇಲ್ಲ.’

ಇದು ಸಹಾಯವಾಯಿತು ಎಂದು ಒತ್ತಿದವರು ಮೂರು ಮಂದಿ. ಪುಟದ ನೆತ್ತಿಯ ಮೇಲಿದ್ದ ‘ಸೂಪರ್ ಪ್ರಾಡಕ್ಟ್, ಪ್ಯಾಕಿಂಗ್ ಚೆನ್ನಾಗಿದೆ, ಅಪ್ಪ ಅಮ್ಮನಿಗೆ ಒಳ್ಳೆಯ ಗಿಫ್ಟ್’ ಎಂಬುದಕ್ಕೆ ಒತ್ತಿದವರು ನಾನೂರಕ್ಕೂ ಹೆಚ್ಚು.

ಆ ಎರಡು ಸ್ಟಾರ್‌ನ ಐದಾರು ಸಾಲನ್ನು ನಾನು ಎಷ್ಟು ಸಲ ಓದಿದ್ದೇನೋ. ಬರೆದವರು ಯಾರು ಎಂದು ಗೊತ್ತಿಲ್ಲ, ಹೆಸರಿನ ಜಾಗದಲ್ಲಿ ಎರಡು ಅಕ್ಷರ ಮಾತ್ರ. ಆದರೂ ನಂಬಿಕೆ ಬರುತ್ತದೆ. ತಮ್ಮ ಮೈಯ ಅಳತೆ ಹೇಳಿದ್ದಾರೆ. ಹೋಲಿಸಲು ಇನ್ನೊಂದು ಕಡೆಯ ಅಂಕಿ ಕೊಟ್ಟಿದ್ದಾರೆ. ಮಷಿನ್ನೇ ಕೆಟ್ಟಿರಬಹುದೇ ಎಂಬ ಅನುಮಾನ ಬರುವ ಮುಂಚೆಯೇ ತಮ್ಮನಿಗೂ ಕಟ್ಟಿ ನೋಡಿದ್ದಾರೆ. ಪ್ರಯೋಗಶಾಲೆಯಲ್ಲಿ ಮಾಡುವುದು ಇದನ್ನೇ. ಕೊನೆಗೆ, ಸಿಟ್ಟಿದ್ದರೂ, ಇದು ಯಾರಿಗೆ ಸರಿಹೊಂದುತ್ತದೆ ಎಂದೂ ಹೇಳಿದ್ದಾರೆ. ಹಾಳುಮಾಡಲೆಂದೇ ಬರೆಯುವವರು ‘ಉಳಿದವರಿಗೆ ತೊಂದರೆ ಇಲ್ಲ’ ಎಂದು ಬರೆಯುವುದಿಲ್ಲ. ಮಾರಲೆಂದೇ ಬರೆಯುವವರು ‘ದಪ್ಪ ತೋಳಿನವರು ತಗೋಬೇಡಿ’ ಎನ್ನುವುದಿಲ್ಲ. ಈಗ ಯಾವುದೇ ವಸ್ತುವಿನ ರಿವ್ಯೂ ಓದುವಾಗ ನಾನು ಮೊದಲು ಹುಡುಕುವುದು ಈ ಎರಡು ಮಾತು ಒಟ್ಟಿಗೆ ಇರುವ ಬರಹವನ್ನು. ಸ್ಟಾರ್ ಎಷ್ಟು ಎಂಬುದು ಆಮೇಲೆ.

ಅದೇ ರಾತ್ರಿ ಇನ್ನೊಂದು ಕಂಡಿತು. ಐದು ಸ್ಟಾರ್ ಕೊಟ್ಟ ಮೂವರು, ಬೇರೆ ಬೇರೆ ಹೆಸರು, ಬೇರೆ ಬೇರೆ ತಾರೀಖು. ಮೂರರಲ್ಲೂ ‘ಕಫ ಮೃದುವಾಗಿದೆ ಮತ್ತು ಹಿರಿಯರಿಗೆ ಆರಾಮದಾಯಕ .’ ಎಂಬ ವಾಕ್ಯ. ತೋಳಿನ ಪಟ್ಟಿಗೆ ಇಂಗ್ಲಿಷಿನಲ್ಲಿ ‘ಕಫ್’ ಎನ್ನುತ್ತಾರೆ, ಅದು ಇಲ್ಲಿ ‘ಕಫ’ ಆಗಿದೆ. ವಾಕ್ಯದ ಕೊನೆಯಲ್ಲಿ ಪೂರ್ಣವಿರಾಮಕ್ಕೆ ಮುಂಚೆ ಒಂದು ಖಾಲಿ ಜಾಗ ಇದೆ, ಮೂರರಲ್ಲೂ. ಬೆರಳು ತಪ್ಪುವುದು ಸಹಜ, ಎಲ್ಲರಿಗೂ ತಪ್ಪುತ್ತದೆ. ಆದರೆ ಮೂರು ಬೆರಳು ಒಂದೇ ಜಾಗದಲ್ಲಿ ಒಂದೇ ರೀತಿ ತಪ್ಪುವುದಿಲ್ಲ. ಹಳೆಯ ಓಲೆಗರಿಗಳನ್ನು ಹೋಲಿಸಿ ಕಾವ್ಯದ ಪಾಠ ಸಿದ್ಧಪಡಿಸುವ ಸಂಪಾದಕರ ಜೊತೆ ನಾನು ಕೆಲವು ವರ್ಷ ಕೆಲಸ ಮಾಡಿದ್ದೇನೆ. ಅವರ ಮೊದಲ ಪಾಠವೇ ಇದು: ಎರಡು ಪ್ರತಿಗಳಲ್ಲಿ ಸರಿಯಾದ ಪದ ಒಂದೇ ಇದ್ದರೆ ಏನೂ ಸಾಬೀತಾಗುವುದಿಲ್ಲ, ಒಂದೇ ಅಪರೂಪದ ತಪ್ಪು ಎರಡರಲ್ಲೂ ಇದ್ದರೆ ಎರಡಕ್ಕೂ ಮಾತೃಕೆ, ಅಂದರೆ ನಕಲು ಮಾಡಿಕೊಂಡ ಮೂಲ ಪ್ರತಿ, ಒಂದೇ. ‘ಅದ್ಬುತ’ ಎಂದು ಹತ್ತು ಜನ ಬರೆದರೆ ಅದು ಲೆಕ್ಕಕ್ಕಿಲ್ಲ, ಆ ತಪ್ಪು ಊರಿಗೆಲ್ಲ ಇರುವುದು. ‘ಕಫ ಮೃದುವಾಗಿದೆ’ ಎಂದು ಮೂವರು ಬರೆದರೆ, ಯಾರೋ ಒಬ್ಬರು ಬರೆದುಕೊಟ್ಟದ್ದನ್ನು ಮೂವರು ಅಂಟಿಸಿದ್ದಾರೆ.

ಪುಟದ ಹಳೆಯ ರಿವ್ಯೂಗಳಿಗೆ ಹೋದಾಗ ಇನ್ನೂ ಬೇಸರವಾಯಿತು. ‘ಮಗುವಿನ ಜ್ವರ ಎರಡೇ ಸೆಕೆಂಡಿಗೆ ಗೊತ್ತಾಯಿತು’, ‘ಹಣೆ ಹತ್ತಿರ ಹಿಡಿದರೆ ಸಾಕು’. ಬಿ.ಪಿ. ಮಷಿನ್ ಹಣೆ ಹತ್ತಿರ ಹಿಡಿಯುವುದು ಹೇಗೆ? ಆ ಪುಟದಲ್ಲಿ ಮೊದಲು ಮಾರುತ್ತಿದ್ದದ್ದು ಥರ್ಮಾಮೀಟರ್. ಅದರ ಸ್ಟಾರ್‌ಗಳನ್ನು ಹಾಗೇ ಉಳಿಸಿಕೊಂಡು ವಸ್ತುವನ್ನು ಬದಲಾಯಿಸಿದ್ದಾರೆ. ಒಂಬತ್ತು ಸಾವಿರದಲ್ಲಿ ಎಷ್ಟು ಈ ಮಷಿನ್‌ನದು ಎಂದು ಎಣಿಸಲು ದಾರಿಯೇ ಇಲ್ಲ. ನನಗೆ ಇದು ಹೊಸ ವಿಷಯ, ಆದರೆ ಈ ವಿದ್ಯೆ ಹಳೆಯದೇ. ವ್ಯಾಪಾರದ ಮೋಸಗಳ ಮೇಲೆ ಕಣ್ಣಿಡುವ ಅಮೆರಿಕದ ಸರ್ಕಾರಿ ಸಂಸ್ಥೆ ಫೆಡರಲ್ ಟ್ರೇಡ್ ಕಮಿಷನ್ 2023ರಲ್ಲಿ ವಿಟಮಿನ್ ಮಾತ್ರೆ ಮಾರುವ ಬೌಂಟಿಫುಲ್ ಎಂಬ ಕಂಪನಿಯ ಮೇಲೆ ಇಂಥದ್ದೇ ಆರೋಪ ಹೊರಿಸಿತ್ತು: ಅಮೆಜಾನ್‌ನಲ್ಲಿ ಹೊಸ ಉತ್ಪನ್ನವನ್ನು ಚೆನ್ನಾಗಿ ಓಡುತ್ತಿದ್ದ ಹಳೆಯ ಉತ್ಪನ್ನದ ಜೊತೆ ಜೋಡಿಸಿ, ಹಳೆಯದರ ಸ್ಟಾರ್‌ಗಳನ್ನು ಹೊಸದಕ್ಕೆ ತೊಡಿಸಿದ್ದು. ಆರು ಲಕ್ಷ ಡಾಲರ್ ಕಟ್ಟಿ ಅದು ಪ್ರಕರಣ ಮುಗಿಸಿಕೊಂಡಿತು. ಅಂದಿನಿಂದ ನಾನು ಯಾವ ಪುಟಕ್ಕೆ ಹೋದರೂ ಅತಿ ಹಳೆಯ ನಾಲ್ಕು ರಿವ್ಯೂ ಓದುತ್ತೇನೆ. ಅವು ಮಾತಾಡುತ್ತಿರುವುದು ಇದೇ ವಸ್ತುವಿನ ಬಗ್ಗೆಯೇ ಎಂದು ನೋಡಲು ಒಂದು ನಿಮಿಷ ಸಾಕು.

ಪೆಟ್ಟಿಗೆಯೊಳಗೆ ಸಿಕ್ಕ ಕಾರ್ಡಿನ ವಿಷಯವನ್ನೂ ಹೇಳಿಬಿಡುತ್ತೇನೆ. ಮಷಿನ್ ಜೊತೆ ಹೊಳೆಯುವ ಚೀಟಿಯೊಂದಿತ್ತು. ಐದು ಸ್ಟಾರ್ ಕೊಟ್ಟು ಫೋಟೊ ಹಾಕಿ, ಅದರ ಸ್ಕ್ರೀನ್‌ಶಾಟ್ ಈ ನಂಬರಿಗೆ ಕಳಿಸಿದರೆ ಗಿಫ್ಟ್ ವೋಚರ್. ಅದರ ಕೆಳಗೆ ಇನ್ನೊಂದು ಸಾಲು: ‘ತೊಂದರೆ ಇದ್ದರೆ ದಯವಿಟ್ಟು ರಿವ್ಯೂ ಬರೆಯದೆ ನೇರ ನಮಗೆ ತಿಳಿಸಿ.’ ಕೊಂಡ ದಿನ ಇದನ್ನು ಸೌಜನ್ಯ ಎಂದೇ ಓದಿಕೊಂಡೆ. ಈಗ ನೋಡಿದರೆ, ಮೆಚ್ಚಿದವರನ್ನು ಪುಟಕ್ಕೆ ಕಳಿಸಿ, ನೊಂದವರನ್ನು ಪುಟದಿಂದ ದೂರ ಇಡುವ ಜರಡಿ ಅದು. ನಿಜವಾಗಿ ಕೊಂಡವರೇ ಬರೆದಿರುವುದರಿಂದ ಇಂಥ ರಿವ್ಯೂಗಳಿಗೆಲ್ಲ ‘ಖರೀದಿ ಖಚಿತ’ ಎಂಬ ಮುದ್ರೆಯೂ ಬೀಳುತ್ತದೆ. ಕೊಂಡದ್ದು ನಿಜ ಎಂದಷ್ಟೇ ಆ ಮುದ್ರೆಯ ಅರ್ಥ. ಆಮೇಲೆ ಕೈಗೆ ಏನು ಬಂತು ಎಂಬುದು ಮುದ್ರೆಗೆ ಗೊತ್ತಿಲ್ಲ. ಅಮೆಜಾನ್ ತನ್ನದೇ ಒಂದು ಕಾರ್ಯಕ್ರಮವನ್ನೂ ಪುಸ್ತಕಗಳನ್ನೂ ಹೊರತುಪಡಿಸಿ, ಉಡುಗೊರೆ ಪಡೆದು ಬರೆಯುವ ರಿವ್ಯೂಗಳನ್ನು 2016ರ ಅಕ್ಟೋಬರ್‌ನಲ್ಲೇ ನಿಷೇಧಿಸಿತು. ಅಮೆರಿಕದಲ್ಲಿ 2024ರ ಅಕ್ಟೋಬರ್ 21ರಿಂದ, ಸುಳ್ಳು ರಿವ್ಯೂ ಕೊಳ್ಳುವುದನ್ನೂ, ಹೊಗಳಿದರೆ ಮಾತ್ರ ಕೊಡುತ್ತೇವೆ ಎಂದು ದುಡ್ಡು ಉಡುಗೊರೆ ಹಂಚುವುದನ್ನೂ ನಿಷೇಧಿಸುವ ನಿಯಮ ಜಾರಿಯಲ್ಲಿದೆ. ಭಾರತೀಯ ಮಾನಕ ಬ್ಯೂರೊ 2022ರಲ್ಲಿ ಐಎಸ್ 19000 ಎಂಬ ಮಾನದಂಡ ತಂದಿದೆ, ರಿವ್ಯೂ ಸಂಗ್ರಹಿಸುವುದು, ಪರಿಶೀಲಿಸುವುದು, ಪ್ರಕಟಿಸುವುದು ಹೇಗೆ ಎಂದು. ನಿಯಮಗಳು ಬಂದದ್ದು ಒಳ್ಳೆಯದೇ. ಆದರೆ ಪೆಟ್ಟಿಗೆಯೊಳಗಿನ ಚೀಟಿ ಪೆಟ್ಟಿಗೆ ತೆರೆದವರಿಗೆ ಮಾತ್ರ ಕಾಣುತ್ತದೆ. ನಾನು ಅದರ ಫೋಟೊ ತೆಗೆದು, ವೋಚರ್ ಬೇಡವೆಂದು, ನನ್ನ ರಿವ್ಯೂ ಜೊತೆ ಹಾಕಿದೆ. ಎರಡು ದಿನಕ್ಕೆ ಫೋಟೊ ಮಾಯವಾಯಿತು, ಬರಹ ಉಳಿಯಿತು.

ತೆಗೆದುಹಾಕಿದ್ದು ಓದುಗರಿಗೆ ಕಾಣುವುದೇ ಇಲ್ಲ. ಇದು ನನ್ನನ್ನು ಬಹಳ ಕಾಡಿದ ವಿಷಯ. ಬಟ್ಟೆ ಮಾರುವ ಫ್ಯಾಷನ್ ನೋವಾ ಎಂಬ ಅಮೆರಿಕದ ಕಂಪನಿ 2015ರಿಂದ 2019ರ ತನಕ ನಾಲ್ಕು, ಐದು ಸ್ಟಾರ್‌ನ ರಿವ್ಯೂಗಳನ್ನು ತಾನೇ ತಾನಾಗಿ ಪ್ರಕಟಿಸಿ, ಅದಕ್ಕಿಂತ ಕಡಿಮೆಯವನ್ನು ತಡೆಹಿಡಿದಿತ್ತು ಎಂದು ಅದೇ ಕಮಿಷನ್ ಆರೋಪಿಸಿತು. ಹಾಗೆ ಹೊರಗೆ ಬಾರದೆ ಉಳಿದವು ಲಕ್ಷಗಟ್ಟಲೆ. 2022ರಲ್ಲಿ 42 ಲಕ್ಷ ಡಾಲರ್‌ಗೆ ಪ್ರಕರಣ ಇತ್ಯರ್ಥವಾಯಿತು. ಅಲ್ಲಿ ಓದುಗರ ಕಣ್ಣಿಗೆ ಬಿದ್ದ ಒಂದೊಂದು ರಿವ್ಯೂವೂ ನಿಜವೇ ಆಗಿರಬಹುದು. ಹಾಗಿದ್ದೂ ಒಟ್ಟು ಪುಟ ಸುಳ್ಳು. ಅದಕ್ಕೇ ಯಾವುದೇ ವಸ್ತುವನ್ನು ಮಾರುವವರ ಸ್ವಂತ ಪುಟದ ಮಾತಿಗೆ ನಾನೀಗ ತೂಕ ಕೊಡುವುದಿಲ್ಲ. ಬೇರೆ ಕಡೆ ಏನಿದೆ ನೋಡುತ್ತೇನೆ.

ಇಷ್ಟೆಲ್ಲ ಪತ್ತೆಹಚ್ಚಿದ ಮೇಲೆ ನನಗೆ ಒಂದು ಕೆಟ್ಟ ಅಭ್ಯಾಸ ಅಂಟಿತು: ಎಲ್ಲರನ್ನೂ ಅನುಮಾನಿಸುವುದು. ಅದೇ ಪುಟದಲ್ಲಿ ‘ಚೆನ್ನಾಗಿದೆ. ತೃಪ್ತಿ ಇದೆ.’ ಎಂದು ಒಬ್ಬರು ಬರೆದಿದ್ದರು. ಅವರ ಹೆಸರು ಒತ್ತಿ ನೋಡಿದೆ. ಜೀವಮಾನದಲ್ಲಿ ಬರೆದದ್ದು ಅದೊಂದೇ ರಿವ್ಯೂ, ಫೋಟೊ ಇಲ್ಲ. ಖಂಡಿತ ಬಾಡಿಗೆಯವರು ಎಂದು ಮನಸ್ಸಿನಲ್ಲೇ ತೀರ್ಪು ಕೊಟ್ಟೆ. ವಾರದ ಮೇಲೆ ಅತ್ತಿಗೆ ಫೋನಿನಲ್ಲಿ ಮಾತಾಡುತ್ತ, ‘ನಾವೂ ಅದನ್ನೇ ತರಿಸಿದ್ವಲ್ಲ, ಬರೀರಿ ಬರೀರಿ ಅಂತ ಮೆಸೇಜು ಬರ್ತಾನೇ ಇತ್ತು, ಚೆನ್ನಾಗಿದೆ ತೃಪ್ತಿ ಇದೆ ಅಂತ ಹಾಕ್ಬಿಟ್ಟೆ’ ಅಂದರು. ನಾನು ಬಾಡಿಗೆಯವರು ಎಂದಿದ್ದು ನನ್ನ ಅಣ್ಣನ ಹೆಂಡತಿಯನ್ನು. ಅವರದು ಸಣ್ಣ ತೋಳು, ಅವರಿಗೆ ಅದು ನಿಜವಾಗಿ ಚೆನ್ನಾಗಿಯೇ ಇದೆ. ಒಂದೇ ರಿವ್ಯೂ ಬರೆದವರು, ಕಡಿಮೆ ಮಾತಿನವರು, ಫೋಟೊ ಹಾಕದವರು ಸುಳ್ಳುಗಾರರು ಎಂದರೆ ಲೋಕದ ಅರ್ಧ ಜನ ಸುಳ್ಳುಗಾರರಾಗುತ್ತಾರೆ. ಈಗ ನಾನು ಇಬ್ಬಗೆಯಾಗಿ ಯೋಚಿಸುವುದನ್ನು ಕಲಿಯುತ್ತಿದ್ದೇನೆ. ಬರೆದವರು ಪ್ರಾಮಾಣಿಕರೇ ಎಂಬುದು ಒಂದು ಪ್ರಶ್ನೆ. ಬರೆದದ್ದು ನನಗೆ ಉಪಯೋಗಕ್ಕೆ ಬರುತ್ತದೆಯೇ ಎಂಬುದು ಇನ್ನೊಂದು. ಅತ್ತಿಗೆಯ ಪ್ರಾಮಾಣಿಕತೆಗೆ ಹತ್ತಕ್ಕೆ ಹತ್ತು, ಅವರ ರಿವ್ಯೂವಿನಿಂದ ನನ್ನ ಅಮ್ಮನಿಗೆ ಆದ ಉಪಯೋಗ ಸೊನ್ನೆ.

ಬರೀ ಓದಿ ಸುಳ್ಳು ಹಿಡಿಯುತ್ತೇವೆ ಎಂಬ ನಂಬಿಕೆಯೂ ಅಷ್ಟು ಗಟ್ಟಿಯಲ್ಲ. 2011ರಲ್ಲಿ ಕಾರ್ನೆಲ್ ವಿಶ್ವವಿದ್ಯಾಲಯದ ಸಂಶೋಧಕರು ಷಿಕಾಗೊದ 20 ಹೋಟೆಲುಗಳ ಬಗ್ಗೆ 400 ನಿಜವಾದ ರಿವ್ಯೂಗಳನ್ನು ಆರಿಸಿ, ಜೊತೆಗೆ ದುಡ್ಡು ಕೊಟ್ಟು 400 ಸುಳ್ಳು ರಿವ್ಯೂ ಬರೆಸಿದರು. ಅವುಗಳಲ್ಲಿ ಕೆಲವನ್ನು ಬೆರೆಸಿ ಮೂವರಿಗೆ ಓದಲು ಕೊಟ್ಟರೆ, ಅವರ ಗುರುತಿಸುವಿಕೆ ನಾಣ್ಯ ಚಿಮ್ಮಿಸಿ ಹೇಳಿದ್ದಕ್ಕಿಂತ ಸ್ವಲ್ಪವೇ ಮೇಲು. ಕಂಪ್ಯೂಟರ್ ಮಾತ್ರ ನೂರಕ್ಕೆ ತೊಂಬತ್ತರ ಸುಮಾರಿಗೆ ಸರಿ ಹೇಳಿತು. ಅದಕ್ಕೆ ಸಿಕ್ಕ ಸುಳಿವುಗಳಲ್ಲಿ ಒಂದು ನನಗೆ ಬಹಳ ಹಿಡಿಸಿತು: ನಿಜವಾಗಿ ತಂಗಿದವರ ಬರಹದಲ್ಲಿ ಕೋಣೆ ಎಷ್ಟು ಚಿಕ್ಕದು, ಬಚ್ಚಲು ಹೇಗಿದೆ ಎಂಬ ಜಾಗದ ವಿವರ ಹೆಚ್ಚು. ಹೋಗದೆ ಬರೆದವರಲ್ಲಿ ಯಾರ ಜೊತೆ ಹೋದೆ, ಯಾವ ಕೆಲಸಕ್ಕೆ ಹೋದೆ ಎಂಬುದು ಹೆಚ್ಚು. ಗೋಡೆಯನ್ನು ನೋಡದವರು ಗೋಡೆಯ ಬಗ್ಗೆ ಏನು ಬರೆದಾರು? ನನ್ನ ಪುಟದ ‘ಅಪ್ಪ ಅಮ್ಮನಿಗೆ ಒಳ್ಳೆಯ ಗಿಫ್ಟ್’ ನೆನಪಾಯಿತು. ಅದರಲ್ಲಿ ಅಪ್ಪ ಇದ್ದರು, ಅಮ್ಮ ಇದ್ದರು, ಅವರಿಬ್ಬರ ತೋಳಿರಲಿಲ್ಲ.

ಗೋಡೆಯೇ ಇಲ್ಲದೆ ಮನೆ ಕಟ್ಟಿದ ಪ್ರಸಂಗವೂ ಇದೆ. 2017ರಲ್ಲಿ ಊಬಾ ಬಟ್ಲರ್ ಎಂಬ ಪತ್ರಕರ್ತ ಲಂಡನ್‌ನ ಡಲ್ವಿಚ್‌ನಲ್ಲಿ ತಾನು ವಾಸವಿದ್ದ ತೋಟದ ಶೆಡ್ಡನ್ನೇ ರೆಸ್ಟೋರೆಂಟ್ ಎಂದು ಟ್ರಿಪ್‌ಅಡ್ವೈಸರ್ ಎಂಬ ರಿವ್ಯೂ ತಾಣದಲ್ಲಿ ನೋಂದಾಯಿಸಿದ. ಗೆಳೆಯರಿಂದ ರಿವ್ಯೂ ಬರೆಸಿದ. ಒಂದು ಊಟವನ್ನೂ ಬಡಿಸದ ಆ ಜಾಗ, ನವೆಂಬರ್ ಹೊತ್ತಿಗೆ ಲಂಡನ್‌ನ ಒಂದನೇ ನಂಬರಿನ ರೆಸ್ಟೋರೆಂಟ್ ಆಗಿತ್ತು. ಅವನೇ ಹಿಂದೆ ದುಡ್ಡಿಗೆ ಸುಳ್ಳು ರಿವ್ಯೂ ಬರೆದುಕೊಡುತ್ತಿದ್ದವನು, ಅದನ್ನು ಮುಚ್ಚಿಡದೆ ಹೇಳಿಕೊಂಡ. ನನಗೆ ಅವನಿಗಿಂತ ಹೆಚ್ಚು ಯೋಚನೆಗೆ ಹಚ್ಚಿದ್ದು, ಟೇಬಲ್ ಸಿಗುತ್ತಾ ಎಂದು ಅವನಿಗೆ ಮತ್ತೆ ಮತ್ತೆ ಫೋನ್ ಮಾಡಿದ ಜನ. ಅವರು ದಡ್ಡರಲ್ಲ. ಅವರ ಮುಂದೆ ಇದ್ದದ್ದು ನನ್ನ ಮುಂದೆ ಇದ್ದದ್ದೇ, ಒಂದು ಅಂಕಿ.

ಕೆಟ್ಟದಾಗಿ ಬರೆದದ್ದೆಲ್ಲ ನಿಜ ಎಂದುಕೊಳ್ಳುವಂತೆಯೂ ಇಲ್ಲ. ಯಾರು ಬೇಕಾದರೂ ಬರೆಯಬಹುದಾದ ಟ್ರಿಪ್‌ಅಡ್ವೈಸರನ್ನೂ, ಕೋಣೆ ಕಾದಿರಿಸಿದವರು ಮಾತ್ರ ಬರೆಯಬಹುದಾಗಿದ್ದ ಎಕ್ಸ್‌ಪೀಡಿಯಾವನ್ನೂ ಹೋಲಿಸಿ ಮೂವರು ಸಂಶೋಧಕರು 2014ರಲ್ಲಿ ಒಂದು ಅಧ್ಯಯನ ಪ್ರಕಟಿಸಿದರು. ಪಕ್ಕದಲ್ಲೇ ಸ್ವತಂತ್ರ ಮಾಲೀಕರ ಹೋಟೆಲಿದ್ದರೆ, ಯಾರು ಬೇಕಾದರೂ ಬರೆಯುವ ಕಡೆ ನಿಂದನೆ ಜಾಸ್ತಿ ಕಂಡಿತು. ನೆರೆಯ ಪೈಪೋಟಿಗಾರರ ಕೈವಾಡ ಎಂದು ಅವರ ತರ್ಕ. ಹಾಗಾಗಿ ನಾನು ಹೆಚ್ಚು ಹೊತ್ತು ಕಳೆಯುವುದು ನಡುವಿನ ರಿವ್ಯೂಗಳಲ್ಲಿ. ಮೂರು ಸ್ಟಾರ್ ಕೊಡುವವರಿಗೆ ಉಡುಗೊರೆಯ ಆಸೆಯೂ ಇರುವುದಿಲ್ಲ, ಹಗೆಯೂ ಇರುವುದಿಲ್ಲ. ಇದು ಚೆನ್ನಾಗಿದೆ, ಅದು ಸರಿಯಿಲ್ಲ ಎಂದು ಎರಡನ್ನೂ ಎದುರಿಗಿಡುತ್ತಾರೆ.

ಅಂಕಿಯ ಬಗ್ಗೆ ಒಂದೇ ಮಾತು. ಐದಕ್ಕೆ ಐದು ಜನ ಮೆಚ್ಚಿದ ವಸ್ತುವೋ, ನೂರಕ್ಕೆ 92 ಜನ ಮೆಚ್ಚಿದ್ದೋ ಎಂದು ಗೊಂದಲವಾದರೆ ಗಣಿತಜ್ಞ ಲಾಪ್ಲಾಸನ ಹಳೆಯ ಉಪಾಯವಿದೆ: ಒಬ್ಬರು ಮೆಚ್ಚಿದವರನ್ನೂ ಒಬ್ಬರು ಮೆಚ್ಚದವರನ್ನೂ ಸೇರಿಸಿ ಲೆಕ್ಕ ಹಾಕಿ. ಮೊದಲನೆಯದು 7ಕ್ಕೆ 6, ಅಂದರೆ ನೂರಕ್ಕೆ 86ರ ಹತ್ತಿರ. ಎರಡನೆಯದು 102ಕ್ಕೆ 93, ಅಂದರೆ 91. ಆದರೆ ಇದೆಲ್ಲ ನಡೆಯುವುದು ಮೆಚ್ಚಿದವರು ನಿಜವಾದ ಜನ ಆಗಿದ್ದರೆ ಮಾತ್ರ. ನನ್ನ ಒಂಬತ್ತು ಸಾವಿರದಲ್ಲಿ ಥರ್ಮಾಮೀಟರ್ ಕೊಂಡವರೂ ಸೇರಿದ್ದರು.

ಪ್ರೂಫ್ ರೀಡರ್ ಕಣ್ಣಿಗೂ ಈಗ ಕಷ್ಟದ ಕಾಲ ಬಂದಿದೆ. ‘ಕಫ ಮೃದುವಾಗಿದೆ’ ಎಂಬಂಥ ತಪ್ಪು ಇನ್ನೆಷ್ಟು ದಿನ ಸಿಕ್ಕೀತು? 2022ರ ಕೊನೆಯಲ್ಲಿ ಚಾಟ್‌ಜಿಪಿಟಿ ಬಂದ ಮೇಲೆ ಒಂದೇ ಗುಂಡಿ ಒತ್ತಿ ನೂರು ರಿವ್ಯೂ, ನೂರು ಬೇರೆ ಬೇರೆ ದನಿಯಲ್ಲಿ, ತಪ್ಪಿಲ್ಲದೆ ಬರೆಸಬಹುದು. ಬೇಕೆಂದರೆ ತಪ್ಪು ಸೇರಿಸಿಯೂ ಬರೆಸಬಹುದು. ಜಾಗದ ವಿವರವನ್ನೂ ಕಟ್ಟಿ ಕೊಡುತ್ತದೆ. ಬರಹದ ಚಹರೆ ನೋಡಿ ಮನುಷ್ಯರನ್ನು ಗುರುತಿಸುತ್ತೇನೆ ಎಂಬ ಧೈರ್ಯ ನನಗೆ ಕಡಿಮೆಯಾಗುತ್ತಿದೆ. ಉಳಿದಿರುವುದು, ನಾನೇ ಪರೀಕ್ಷಿಸಿ ನೋಡಬಹುದಾದ ಮಾತು. ‘ಪಟ್ಟಿಯ ಒಳಮೈ ನೋಡಿ, 22–32 ಎಂದಿದೆ’ ಎಂದು ಯಾರೇ ಬರೆದಿರಲಿ, ಯಂತ್ರವೇ ಬರೆದಿರಲಿ, ಪಟ್ಟಿ ತಿರುಗಿಸಿದರೆ ನಿಜವೋ ಸುಳ್ಳೋ ತಿಳಿಯುತ್ತದೆ. ‘ತುಂಬಾ ವಿಶ್ವಾಸಾರ್ಹ’ ಎಂಬುದನ್ನು ತಿರುಗಿಸಿ ನೋಡಲು ಆಗುವುದಿಲ್ಲ.

ಎರಡನೆಯ ಮಷಿನ್ ಆರಿಸಿದ್ದು ಹೀಗೆ. ಅಮ್ಮನ ಅಳತೆ ಕೈಯಲ್ಲಿ ಹಿಡಿದುಕೊಂಡು ಹೊರಟೆ. 32–42 ಪಟ್ಟಿ ಸಿಗುವ ಮಷಿನ್‌ಗಳನ್ನಷ್ಟೇ ಉಳಿಸಿಕೊಂಡೆ, ಸಿಕ್ಕಿದ್ದು ನಾಲ್ಕು. ಮನುಷ್ಯರ ಮೇಲೆ ಪರೀಕ್ಷೆಯಾದ ಮಾದರಿಗಳ ಹೆಸರುಗಳನ್ನು ಸ್ಟ್ರೈಡ್ ಬಿ.ಪಿ. ಎಂಬ ತಜ್ಞರ ಸಂಸ್ಥೆ ಪ್ರಕಟಿಸುತ್ತದೆ, ಅವುಗಳಲ್ಲಿ ಹುಡುಕಿದೆ. ಎರಡು ಉಳಿದವು. ಆಮೇಲೆ ರಿವ್ಯೂಗಳಿಗೆ ಬಂದೆ, ಈ ಸಲ ‘ಪಟ್ಟಿ’, ‘ತೋಳು’, ‘ಸೆಂ.ಮೀ.’ ಎಂಬ ಪದಗಳನ್ನು ಹಾಕಿ ಹುಡುಕಿ. ಒಂದರ ಪುಟದಲ್ಲಿ ಒಬ್ಬರು ಮೂರು ಸ್ಟಾರ್ ಕೊಟ್ಟು, ದೊಡ್ಡ ಪಟ್ಟಿಯ ವೆಲ್ಕ್ರೊ ಗಡಸು, ವಯಸ್ಸಾದವರು ಒಂದೇ ಕೈಯಲ್ಲಿ ಕಟ್ಟಿಕೊಳ್ಳಲಾರರು, ಆದರೆ ಅಂಕಿ ಆಸ್ಪತ್ರೆಯದಕ್ಕೆ ಹೊಂದುತ್ತದೆ ಎಂದು ಬರೆದಿದ್ದರು. ಅವರ ಹೆಸರು ಒತ್ತಿದೆ. ಆರು ವರ್ಷದಲ್ಲಿ ಹದಿನಾಲ್ಕು ರಿವ್ಯೂ. ಒಂದು ಟಾರ್ಚಿಗೆ ಮೊದಲು ಐದು ಕೊಟ್ಟು, ವರ್ಷದ ಮೇಲೆ ವಾಪಸ್ ಬಂದು ‘ಸ್ವಿಚ್ ಹೋಯಿತು’ ಎಂದು ಎರಡಕ್ಕೆ ಇಳಿಸಿದ್ದರು. ಹಾಗೆ ಮರಳಿ ಬಂದು ತಮ್ಮ ಮಾತನ್ನೇ ತಿದ್ದಿಕೊಳ್ಳುವವರನ್ನು ಕಂಡರೆ ನನಗೆ ಗೌರವ. ಮೊದಲ ಮಷಿನ್‌ನ ಪುಟದಲ್ಲಿ ಹೊಗಳಿದವರೊಬ್ಬರನ್ನು ಹೀಗೆಯೇ ಒತ್ತಿ ನೋಡಿದಾಗ, ಒಂದೇ ವಾರದಲ್ಲಿ ಹನ್ನೊಂದು ಪವರ್ ಬ್ಯಾಂಕಿಗೆ ಐದೈದು ಸ್ಟಾರ್ ಕೊಟ್ಟಿದ್ದರು.

ವೆಲ್ಕ್ರೊ ಗಡಸು ಎಂಬುದು ನಿಜ. ಅಮ್ಮನಿಗೆ ಒಬ್ಬರೇ ಕಟ್ಟಿಕೊಳ್ಳಲು ಆಗುವುದಿಲ್ಲ, ನಾನು ಕಟ್ಟುತ್ತೇನೆ. ಅದನ್ನು ಮೊದಲೇ ಓದಿದ್ದರಿಂದ ಬೇಸರವಾಗಲಿಲ್ಲ. ಪಟ್ಟಿ ಉಬ್ಬುವಾಗ ಮೊದಲನೆಯದಕ್ಕಿಂತ ಸದ್ದು ಜಾಸ್ತಿ. ಅಂಕಿಗಳು ತುಸು ಚಿಕ್ಕವು. ಮಷಿನನ್ನು ಡಾಕ್ಟರ ಹತ್ತಿರವೇ ಒಯ್ದು ಹೋಲಿಸಿದಾಗ ಅವರದು 146/82, ಇದರದು 149/83. ಎಂಟು ತಿಂಗಳಲ್ಲಿ ಮೂರು ಸಲ ಹಾಗೆ ಹೋಲಿಸಿದ್ದೇವೆ, ಅಂತರ ಐದು ದಾಟಿಲ್ಲ. ಹೊಸ ಮಾತ್ರೆ ಸೇರಲಿಲ್ಲ. ನನ್ನ ಲೆಕ್ಕದಲ್ಲಿ ನಾಲ್ಕು ಸ್ಟಾರ್. ಒಂದನ್ನು ಕಳೆದದ್ದು ದೊಡ್ಡ ಪಟ್ಟಿಯನ್ನು ಪೆಟ್ಟಿಗೆಯಲ್ಲಿಡದೆ ಬೇರೆಯಾಗಿ ಮಾರುವುದಕ್ಕೆ.

ಎರಡೂ ಪುಟಗಳಲ್ಲಿ ನಾನು ಬರೆದಿದ್ದೇನೆ. ಮೊದಲನೆಯದರಲ್ಲಿ ಹೀಗಿದೆ: ‘ಅಮ್ಮನಿಗೆ 72 ವರ್ಷ, ರಟ್ಟೆ 41 ಸೆಂ.ಮೀ. ಇದರಲ್ಲಿ 168, ಡಾಕ್ಟರಲ್ಲಿ 148. ನನಗೆ 52, ರಟ್ಟೆ 28, ನನಗೆ ಎರಡೂ ಕಡೆ 124ರ ಆಸುಪಾಸು. ಕೊಳ್ಳುವ ಮುಂಚೆ ಟೇಪಿನಿಂದ ರಟ್ಟೆ ಅಳೆಯಿರಿ, ಭುಜಕ್ಕೂ ಮೊಣಕೈಗೂ ನಟ್ಟನಡುವೆ. 32 ದಾಟಿದರೆ ಇದು ಬೇಡ. ಎರಡು ಸ್ಟಾರ್‌ನಲ್ಲಿ ಇನ್ನೊಬ್ಬರು ಇದನ್ನೇ ಮೊದಲು ಬರೆದಿದ್ದಾರೆ, ಅವರದನ್ನೂ ಓದಿ.’

ಕಳೆದ ತಿಂಗಳು ಅದರ ಕೆಳಗೆ ಯಾರೋ ಕೇಳಿದ್ದರು: ‘ನಮ್ಮತ್ತೆಗೆ 33 ಇದೆ, ಒಂದೇ ಸೆಂಟಿಮೀಟರ್ ಅಲ್ವಾ, ನಡೆಯುತ್ತಾ?’ ನನಗೆ ಗೊತ್ತಿಲ್ಲ, 33ಕ್ಕೆ ನಾನು ಕಟ್ಟಿ ನೋಡಿಲ್ಲ, ಪಟ್ಟಿಯ ಮೇಲೆ 32 ಎಂದಿರುವಾಗ ದೊಡ್ಡ ಪಟ್ಟಿಯದನ್ನೇ ನೋಡಿ ಎಂದು ಉತ್ತರ ಬರೆದೆ. ಎರಡನೆಯ ಮಷಿನ್‌ನ ಪುಟದಲ್ಲಿ ಮೊನ್ನೆ ಒಂದು ಸಾಲು ಸೇರಿಸಿದ್ದೇನೆ: ಎಂಟನೆಯ ತಿಂಗಳಿಗೆ ಗಾಳಿ ಕೊಳವೆ ಮಷಿನ್‌ಗೆ ಸೇರುವ ಕಡೆ ಸಡಿಲವಾಗಿದೆ, ಒತ್ತಿ ಕೂರಿಸದಿದ್ದರೆ ಪಟ್ಟಿ ಪೂರ್ತಿ ಉಬ್ಬುವುದಿಲ್ಲ.